ಸಹಾಯ ಬೇಕು: ಕೈಗೆ ಏಟಾಗಿರುವ ತಮ್ಮ ಮತ್ತೆ ಕೆಲಸಕ್ಕೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಮಷಿನ್ ಆಪರೇಟರ್. ನಾಲ್ಕು ತಿಂಗಳ ಹಿಂದೆ ಬಲಗೈಯ ಎರಡು ಬೆರಳು ಮಷಿನ್‌ಗೆ ಸಿಕ್ಕಿ ಜಜ್ಜಿಹೋದವು. ರಜೆಯಲ್ಲಿದ್ದಷ್ಟು ದಿನ ಇಎಸ್‌ಐನಿಂದ (ಕಾರ್ಮಿಕರ ಸರ್ಕಾರಿ ವಿಮೆ) ಸಂಬಳದ ಶೇ. 90ರಷ್ಟು ದುಡ್ಡು ಬಂತು.

ಈಗ ಡಾಕ್ಟರ್ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಆದರೆ ಸದ್ಯಕ್ಕೆ ಹಗುರ ಕೆಲಸ ಮಾತ್ರ ಅಂತ ಬರೆದಿದ್ದಾರೆ. ಫ್ಯಾಕ್ಟರಿಯವರು "ಹಳೇ ಕೆಲಸ ಮಾಡೋದಾದ್ರೆ ಬಾ, ಇಲ್ಲಾಂದ್ರೆ ರಾಜೀನಾಮೆ ಕೊಡು" ಅನ್ನುತ್ತಿದ್ದಾರೆ. ಹನ್ನೊಂದು ವರ್ಷ ದುಡಿದವನಿಗೆ ಹೀಗೆ ಹೇಳೋದು ತಪ್ಪು ಅಲ್ವಾ? ಸ್ಟೋರ್, ಪ್ಯಾಕಿಂಗ್, ಚೆಕಿಂಗ್ ಎಲ್ಲಾ ಅಲ್ಲೇ ಇದೆ.

ಅವನು ಸುಮ್ನೆ ಕೂತಿಲ್ಲ. ದಿನಾ ಬೆಳಿಗ್ಗೆ ಬಿಸಿನೀರಲ್ಲಿ ಕೈ ಅದ್ದಿ, ಸ್ಪಂಜಿನ ಚೆಂಡು ಹಿಸುಕುತ್ತಾನೆ. ನಿನ್ನೆ ಅಂಗಿಯ ಗುಂಡಿ ತಾನೇ ಹಾಕಿಕೊಂಡ. ಅಮ್ಮ ಅತ್ತೇಬಿಟ್ಟರು.

ಇಎಸ್‌ಐ ದುಡ್ಡು ಪಡೆಯುತ್ತಿರುವಾಗ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ ಕಾನೂನಿದೆ. ಆದರೆ ರಜೆ ಮುಗಿದಿದೆ. ಹಗುರ ಕೆಲಸ ಕೇಳಿ ಅರ್ಜಿ ಹೇಗೆ ಬರೆಯಬೇಕು? ಮೊದಲು ಲೇಬರ್ ಆಫೀಸಿಗೆ ಹೋಗಬೇಕಾ, ಯೂನಿಯನ್‌ನವರನ್ನು ನೋಡಬೇಕಾ? ಬೆರಳಿನ ಶಾಶ್ವತ ನಷ್ಟಕ್ಕೆ ಇಎಸ್‌ಐ ಮೆಡಿಕಲ್ ಬೋರ್ಡ್ ಮುಂದೆ ಹೋದವರಿದ್ದರೆ ಯಾವ ಕಾಗದ ಬೇಕು ಅಂತ ತಿಳಿಸಿ. ರಾಜೀನಾಮೆಗೆ ಸಹಿ ಹಾಕಬೇಡ ಅಂತ ಅವನಿಗೆ ಹೇಳಿದ್ದೇನೆ. ಸೋಮವಾರ ಮತ್ತೆ ಕರೆದಿದ್ದಾರೆ, ಅಷ್ಟರೊಳಗೆ ಗೊತ್ತಿರೋ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಹೇಳಿ.