ಸಹಾಯ ಬೇಕು: ಕನ್ನಡ ಅಕ್ಷರಗಳ ಕೆಲಸವನ್ನು ಜರ್ಮನಿಗೆ ಕಳಿಸುವ ಪೋರ್ಟ್‌ಫೋಲಿಯೋಗೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಗ್ರಾಫಿಕ್ ಡಿಸೈನ್ ಕೊನೆಯ ವರ್ಷ ಓದುತ್ತಿದ್ದೇನೆ. ಮನೆ ಕಾಪುವಿನಲ್ಲಿ, ದಿನಾ ಬಸ್ಸಲ್ಲೇ ಓಡಾಟ. ಮುಂದೆ ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ತುಂಬಾ ಆಸೆ.

ಎಪಿಎಸ್ ಸರ್ಟಿಫಿಕೇಟ್‌ಗೆ (ಜರ್ಮನಿಗೆ ಹೋಗುವವರ ಅಂಕಪಟ್ಟಿ, ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಅರ್ಜಿ ಹಾಕಿದ್ದೇನೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ಅಲ್ಲಿನ ಖರ್ಚಿಗೆ ತಿಂಗಳಿಗೆ ಇಷ್ಟೇ ಅಂತ ಹಣ ತೆಗೆಯಬಹುದಾದ ಖಾತೆ) 11,904 ಯೂರೋ ಇಡಬೇಕು, ಅಪ್ಪ ಅದಕ್ಕಾಗಿ ಸಾಲ ವಿಚಾರಿಸುತ್ತಿದ್ದಾರೆ. ನಾನು ಸಿಕ್ಕಿಹಾಕಿಕೊಂಡಿರುವುದು ಪೋರ್ಟ್‌ಫೋಲಿಯೋದಲ್ಲಿ, ಅಂದರೆ ಅರ್ಜಿಯ ಜೊತೆ ಕಳಿಸುವ ನನ್ನ ಕೆಲಸಗಳ ಸಂಗ್ರಹದಲ್ಲಿ.

ನನ್ನ ಕೊನೆಯ ಪ್ರಾಜೆಕ್ಟ್ ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರಗಳ) ಚುಟ್ಟಿಯ ಮೇಲೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಮುಳ್ಳು ಇಡುತ್ತಾರಲ್ವಾ, ಅದೇ ರೂಪದಿಂದ ಕನ್ನಡ ಅಕ್ಷರಗಳನ್ನು ಬರೆದು ಆರು ಪೋಸ್ಟರ್ ಮಾಡಿದ್ದೇನೆ. ಎಷ್ಟೋ ರಾತ್ರಿ ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿ ಕೂತು ಸ್ಕೆಚ್ ಮಾಡಿದ್ದೇನೆ. ನಾನು ಇಲ್ಲಿವರೆಗೆ ಮಾಡಿದ್ದರಲ್ಲಿ ಇದೇ ಒಳ್ಳೆಯ ಕೆಲಸ.

ಆದರೆ ಅಲ್ಲಿ ಪೋರ್ಟ್‌ಫೋಲಿಯೋ ನೋಡುವವರಿಗೆ ಕನ್ನಡ ಓದಲು ಬರುವುದಿಲ್ಲ. ಮೇಡಂ, "ಇಂಗ್ಲಿಷ್ ಅಕ್ಷರಗಳಲ್ಲೂ ಒಂದು ಪ್ರಾಜೆಕ್ಟ್ ಮಾಡು" ಅನ್ನುತ್ತಾರೆ. ಜರ್ಮನಿಯಲ್ಲಿ ಓದುತ್ತಿರುವ ಸೀನಿಯರ್ ಅಕ್ಕ, "ಅದೆಲ್ಲ ಬೇಡ, ಸ್ಕೆಚ್ ಜಾಸ್ತಿ ತೋರಿಸು" ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ವಿವರಣೆ ಬರೆದು ನೋಡಿದೆ, ಪುಟವೆಲ್ಲ ಬರೀ ಬರಹ ಆಯಿತು. ಕಾಲೇಜಿನ ಸಬ್ಮಿಷನ್ ಕೂಡ ಇದೇ ತಿಂಗಳು. ಹಾಗಾಗಿ ಹೊಸ ಪ್ರಾಜೆಕ್ಟ್ ಮಾಡುವುದು, ಸ್ಕೆಚ್ ಜೋಡಿಸುವುದು, ಈ ಎರಡರಲ್ಲಿ ಒಂದಕ್ಕೆ ಮಾತ್ರ ಸಮಯ ಇದೆ.

ಜರ್ಮನಿಯಲ್ಲಿ ಡಿಸೈನ್ ಓದಿದವರು, ಓದುತ್ತಿರುವವರು ದಯವಿಟ್ಟು ಹೇಳಿ: ಕನ್ನಡದ ಕೆಲಸವನ್ನೇ ಸ್ಕೆಚ್‌ಗಳ ಜೊತೆ ಮುಖ್ಯವಾಗಿ ಇಡಲಾ, ಅಥವಾ ಇಂಗ್ಲಿಷ್ ಅಕ್ಷರಗಳ ಹೊಸ ಪ್ರಾಜೆಕ್ಟ್ ಬೇಕೇ ಬೇಕಾ? ನೀವು ಕಳಿಸಿದಾಗ ವಿವರಣೆ ಎಷ್ಟು ಸಾಲು ಬರೆದಿದ್ದಿರಿ?