ಖುಲಾಸೆ ರದ್ದಾಗಿ ಹೈಕೋರ್ಟಿನಲ್ಲಿ ಶಿಕ್ಷೆಯಾದರೆ ಸುಪ್ರೀಂ ಕೋರ್ಟಿಗೆ ಹೋಗಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನನ್ನ ತಮ್ಮನ ಮೇಲೆ ಕೊಲೆ ಆರೋಪವಿತ್ತು. ಸೆಷನ್ಸ್ ನ್ಯಾಯಾಲಯ ಖುಲಾಸೆ ಮಾಡಿತು. ಸರ್ಕಾರ ಮೇಲ್ಮನವಿ ಹಾಕಿತು, ಹೈಕೋರ್ಟ್ ಈಗ ಜೀವಾವಧಿ ಶಿಕ್ಷೆ ವಿಧಿಸಿದೆ. ಸುಪ್ರೀಂ ಕೋರ್ಟ್ ಇಂಥ ಅರ್ಜಿಗಳನ್ನು ಕೈಗೆತ್ತಿಕೊಳ್ಳುವುದೇ ಅಪರೂಪ, ಸುಮ್ಮನೆ ಹಣ ಕಳೆದುಕೊಳ್ಳಬೇಡಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ನಿಜವೇ?

ವಕೀಲರ ಉತ್ತರ: ಅಕ್ಕಾ, ನಿಮ್ಮ ತಮ್ಮನ ಪ್ರಕರಣಕ್ಕೆ ಆ ಮಾತು ಅನ್ವಯಿಸುವುದೇ ಇಲ್ಲ. ಖುಲಾಸೆಯನ್ನು ರದ್ದುಪಡಿಸಿ ಹೈಕೋರ್ಟ್ ಮರಣದಂಡನೆ ವಿಧಿಸಿದರೆ ಸುಪ್ರೀಂ ಕೋರ್ಟಿಗೆ ನೇರ ಮೇಲ್ಮನವಿಯ ಹಕ್ಕನ್ನು ಸಂವಿಧಾನದ 134ನೇ ವಿಧಿಯೇ ಕೊಟ್ಟಿದೆ. ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಗೂ ಆ ಹಕ್ಕನ್ನು ಸಂಸತ್ತು 1970ರ ಕಾಯ್ದೆಯಲ್ಲಿ ವಿಸ್ತರಿಸಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 379ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 420ನೇ ಕಲಮು ಹೇಳುವುದೂ ಇದನ್ನೇ. ಯಾರ ಅನುಮತಿಯನ್ನೂ ಬೇಡಬೇಕಾಗಿಲ್ಲ.

ಪರಿಚಯದವರು ಹೇಳುತ್ತಿರುವುದು 136ನೇ ವಿಧಿಯ ವಿಶೇಷ ಅನುಮತಿ ಅರ್ಜಿಯ ವಿಷಯ. ಎರಡೂ ನ್ಯಾಯಾಲಯಗಳು ತಪ್ಪಿತಸ್ಥನೆಂದಾಗ ಉಳಿಯುವ ದಾರಿ ಅದು. ಅಲ್ಲಿ ಮೊದಲು ಅನುಮತಿ ಸಿಗಬೇಕು, ಅದು ವಿರಳ.

ನಿಮ್ಮ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನೇ ಮತ್ತೆ ತೂಗಿ ನೋಡಬೇಕೆಂದು ಕೇಳಬಹುದು. ನಿಮ್ಮ ವಕೀಲರು ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ (2007) ತೀರ್ಪನ್ನು ಮುಂದಿಡಲಿ. ಆರೋಪಿ ನಿರಪರಾಧಿ ಎಂಬುದು ಮೊದಲ ಪೂರ್ವಭಾವನೆ. ಖುಲಾಸೆಯಾದ ಮೇಲೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಸಾಕ್ಷ್ಯದಿಂದ ಎರಡು ನಿಲುವುಗಳು ಸಾಧ್ಯವಿದ್ದರೆ ಖುಲಾಸೆಯನ್ನು ಕೆಡಿಸಬಾರದು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ವಿಚಾರಣಾ ನ್ಯಾಯಾಧೀಶರು ಯಾವ ಸಾಕ್ಷಿಯನ್ನು ಏಕೆ ನಂಬಲಿಲ್ಲ, ಹೈಕೋರ್ಟ್ ಆ ಕಾರಣಗಳಿಗೆ ಉತ್ತರ ಕೊಟ್ಟಿದೆಯೇ ಎಂದು ಎರಡೂ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿಸಿ. ಪ್ರಕರಣದ ಜೀವ ಅಲ್ಲಿದೆ. ಪ್ರಮಾಣೀಕೃತ ಪ್ರತಿಗೆ ಇಂದೇ ಅರ್ಜಿ ಹಾಕಿ, ಕಾಲಮಿತಿ ಕಾಯುವುದಿಲ್ಲ.

ಅದೇ ಓದುಗರು: ತುಂಬಾ ಧನ್ಯವಾದ ಸರ್. ಮೇಲ್ಮನವಿ ಸ್ವೀಕಾರವಾದರೆ ತಮ್ಮ ಮನೆಗೆ ಬರುತ್ತಾನೆಯೇ?

ಉತ್ತರ: ಅಷ್ಟಕ್ಕೇ ಬರುವುದಿಲ್ಲ. ಶಿಕ್ಷೆ ಅಮಾನತು ಮತ್ತು ಜಾಮೀನಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಅವನು ಇನ್ನೂ ಹೊರಗಿದ್ದರೆ ಮೊದಲು ಶರಣಾಗಲಿ. ಇಲ್ಲವಾದರೆ ಶರಣಾಗತಿಯಿಂದ ವಿನಾಯಿತಿ ಕೇಳಬೇಕಾಗುತ್ತದೆ, ಅದು ಸುಲಭಕ್ಕೆ ಸಿಗುವುದಿಲ್ಲ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳಲು ಅರ್ಹತೆಯಿದೆ. ಜೈಲು ಅಧೀಕ್ಷಕರ ಮೂಲಕವೇ ಅರ್ಜಿ ಕಳಿಸಬಹುದು. ಸಹಾಯವಾಣಿ 15100. ಹಣದ ಚಿಂತೆಗೆ ಈ ಹಕ್ಕನ್ನು ಕೈಬಿಡಬೇಡಿ.

ಇನ್ನೊಬ್ಬ ಓದುಗರು: ಸರ್, ವೈವಾಹಿಕ ಅತ್ಯಾಚಾರದ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಕೈಗೆತ್ತಿಕೊಂಡಿದೆ ಎಂದು ಓದಿದ್ದೆ. ಹಾಗಾದರೆ ಈಗ ಗಂಡನ ಮೇಲೆ ಆ ದೂರು ಕೊಡಬಹುದೇ?

ಉತ್ತರ: ಸಾಧ್ಯವಿಲ್ಲ, ಮೇಡಂ. ಪ್ರಶ್ನೆ ನ್ಯಾಯಪೀಠದ ಮುಂದಿದೆ ಎಂದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. ಪತ್ನಿಯ ದೂರಿನ ಮೇಲೆ ಅತ್ಯಾಚಾರದ ಆರೋಪ ಎದುರಿಸುತ್ತಿದ್ದ ಗಂಡನ ವಿಚಾರಣೆಯನ್ನು ರದ್ದುಪಡಿಸಲು ನಮ್ಮ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಒಪ್ಪಲಿಲ್ಲ. ಆ ಧೈರ್ಯದ ತೀರ್ಪನ್ನು ನಾನು ಇಂದಿಗೂ ಗೌರವಿಸುತ್ತೇನೆ. ಆದರೆ ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ದೆಹಲಿ ಹೈಕೋರ್ಟಿನಲ್ಲಿ ಮೇ ತಿಂಗಳಲ್ಲೇ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಿದ್ದರು. 2024ರ ಅಕ್ಟೋಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ವಾದ ಆಲಿಸಲು ಆರಂಭಿಸಿತು. ಅವರ ನಿವೃತ್ತಿಯೊಳಗೆ ವಾದ ಮುಗಿಯದೆಂದು ಕಂಡಾಗ ಬೇರೆ ಪೀಠಕ್ಕೆ ಬಿಟ್ಟಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಪತ್ನಿಯೊಂದಿಗಿನ ಲೈಂಗಿಕ ಕ್ರಿಯೆ ಅತ್ಯಾಚಾರವಲ್ಲ ಎಂದು ಗಂಡನಿಗೆ ಕೊಡುವ ವಿನಾಯಿತಿ ಹಾಗೆಯೇ ಉಳಿದಿದೆ. ಪತ್ನಿಗೆ ಹದಿನೆಂಟು ತುಂಬಿರಬೇಕು, ಅಷ್ಟೇ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಸುಮ್ಮನೆ ಸಹಿಸಬೇಕಾಗಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಲೈಂಗಿಕ ದೌರ್ಜನ್ಯವನ್ನೂ ಒಳಗೊಳ್ಳುತ್ತದೆ. ರಕ್ಷಣಾ ಆದೇಶ, ವಾಸದ ಹಕ್ಕು ಕೇಳಬಹುದು. ಕ್ರೌರ್ಯಕ್ಕೆ ಸಂಹಿತೆಯ 85ನೇ ಕಲಮಿದೆ. ಬೇರೆಯಾಗಿ ಬಾಳುತ್ತಿರುವ ಪತ್ನಿಯ ಮೇಲೆ ಒಪ್ಪಿಗೆಯಿಲ್ಲದೆ ಗಂಡ ಎರಗಿದರೆ 67ನೇ ಕಲಮಿನಡಿ ಎರಡರಿಂದ ಏಳು ವರ್ಷ ಜೈಲು. ನಿಮಗಾಗಿಯೇ ಕೇಳುತ್ತಿದ್ದರೆ ಇಲ್ಲಿ ವಿವರ ಬರೆಯಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳಾ ವಕೀಲರನ್ನೇ ಕೇಳಿ ಮಾತನಾಡಿ.