ಕೌಬಾಯ್ ಬಿಬಾಪ್ ಮೊದಲ ಎಪಿಸೋಡ್: ಜೆಟ್ ಮಾಡೋ ಆ ಕ್ಯಾಪ್ಸಿಕಂ ಅಡುಗೆ ಹೇಗೆ? ಟಿವಿ ಸೆಟ್ಟಿಂಗ್ ಏನಿಡಬೇಕು?

ಹೇಮಾವತಿ_ದಂಡೆ (ಹಾಸನ):

ಶನಿವಾರ ರಾತ್ರಿ ಮನೇಲಿ ಆರು ಜನ ಸೇರ್ತಿದೀವಿ. ಬಂದೋರಿಗೆಲ್ಲ ಅನಿಮೆ (ಜಪಾನಿನ ಅನಿಮೇಷನ್) ಅಂದ್ರೆ ಮಕ್ಕಳ ಕಾರ್ಟೂನ್. ಅವರಿಗೆ ಕೌಬಾಯ್ ಬಿಬಾಪ್ ಅನಿಮೆ ಸರಣಿಯ ಮೊದಲ ಎಪಿಸೋಡ್ ‘ಆಸ್ಟೆರಾಯ್ಡ್ ಬ್ಲೂಸ್’ ತೋರಿಸಿ, ಅದರಲ್ಲಿ ನಾಯಕ ಸ್ಪೈಕ್‌ನ ಜೊತೆಗಾರ ಜೆಟ್ ಬಾಣಲೆಯಲ್ಲಿ ಹುರಿಯೋ ಕ್ಯಾಪ್ಸಿಕಂ ಐಟಂನೇ ಊಟಕ್ಕೆ ಇಡೋಣ ಅಂತ. ಅದರ ಸರಿಯಾದ ಅಳತೆ ಯಾರಿಗಾದ್ರೂ ಗೊತ್ತಾ? ಇಬ್ಬರು ಮಾಂಸ ತಿನ್ನಲ್ಲ. ಇನ್ನೊಂದು, ನಮ್ಮ 43 ಇಂಚಿನ ಟಿವಿಯಲ್ಲಿ ಎಲ್ಲರ ಮುಖ ಅಗಲ ಕಾಣ್ತಿದೆ, ಫೈಟಿಂಗ್‌ನಲ್ಲಿ ಕೈಕಾಲಿನ ಸುತ್ತ ಮಸುಕು ಬರ್ತಿದೆ. ಜಪಾನಿನಲ್ಲೇ ಮೊದಲು ಎರಡನೇ ಎಪಿಸೋಡ್ ಹಾಕಿದ್ರು, ಅಲ್ಲಿಂದಲೇ ಶುರು ಮಾಡಿ ಅಂತ ಒಬ್ಬರು ಹಟ ಹಿಡಿದಿದಾರೆ. ನಿಜಾನಾ?

ಮಲ್ನಾಡ್_ಫ್ರೇಮ್ಸ್ (ಚಿಕ್ಕಮಗಳೂರು):

ಅವರು ಹೇಳಿದ್ದು ಸುಳ್ಳಲ್ಲ, ಆದ್ರೆ ಅರ್ಧ. 1998ರ ಏಪ್ರಿಲ್‌ನಲ್ಲಿ ಟಿವಿ ಟೋಕಿಯೋ ಶುರು ಮಾಡಿದ್ದು ಎರಡನೇ ಎಪಿಸೋಡ್‌ನಿಂದ. ಒಟ್ಟು 26ರಲ್ಲಿ ಅಲ್ಲಿ ಬಂದಿದ್ದು 12 ಮಾತ್ರ, ಕೊನೆಗೊಂದು ತೇಪೆ ಹಚ್ಚಿದ ವಿಶೇಷ ಕಂತು. ಪೂರ್ತಿ ಸರಣಿ ಕ್ರಮವಾಗಿ ಬಂದಿದ್ದು ಅದೇ ವರ್ಷ ಅಕ್ಟೋಬರ್ 24ರಿಂದ, ವಾವ್‌ವಾವ್ ಚಾನೆಲ್‌ನಲ್ಲಿ. ಅಲ್ಲಿ ಮೊದಲು ಬಂದಿದ್ದು ‘ಆಸ್ಟೆರಾಯ್ಡ್ ಬ್ಲೂಸ್’. ನಿರ್ದೇಶಕ ಶಿನಿಚಿರೋ ವಟಾನಬೆ ತಂಡ ಬರೆದ ಕ್ರಮ ಅದೇ, ನೀವೂ ಅದನ್ನೇ ಹಾಕಿ. ಎರಡನೇದರಲ್ಲಿ ನಾಯಿ ಐನ್ ಬರುತ್ತೆ, ನಗು ಜಾಸ್ತಿ. ಹೊಸಬರು ಇಡೀ ಸರಣಿ ಕಾಮಿಡಿ ಅಂದ್ಕೊಂಡುಬಿಡ್ತಾರೆ.

ಟಿವಿ ವಿಷಯ. ಇದನ್ನ ಚಿತ್ರಿಸಿರೋದು 4:3 ಅಳತೆಯಲ್ಲಿ. ನಿಮ್ಮ ಟಿವಿ ಅದನ್ನ 16:9ಕ್ಕೆ ಎಳೀತಿದೆ, ಅಂದ್ರೆ ಮುಖ ಮೂರನೇ ಒಂದು ಪಾಲು ಅಗಲ ಆಗುತ್ತೆ. ಪಿಕ್ಚರ್ ಸೈಜ್‌ನಲ್ಲಿ ‘ಒರಿಜಿನಲ್’ ಅಥವಾ ‘4:3’ ಇಡಿ. ಎಡಬಲ ಕಪ್ಪು ಪಟ್ಟಿ ಇರಲಿ ಬಿಡಿ. ಪಟ್ಟಿ ಕಾಣಬಾರದು ಅಂತ ‘ಜೂಮ್’ ಒತ್ತಿದ್ರೆ ಚಿತ್ರದ ಕಾಲು ಭಾಗ ಮೇಲೆ ಕೆಳಗೆ ಕತ್ತರಿಸಿ ಹೋಗುತ್ತೆ, ಸಬ್‌ಟೈಟಲ್ ಕೂಡ ಹೋಗಬಹುದು.

ಮಸುಕಿಗೆ ಕಾರಣ ಮೋಷನ್ ಸ್ಮೂದಿಂಗ್. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಒಂದೇ ಚಿತ್ರ ಎರಡು ಮೂರು ಫ್ರೇಮ್ ನಿಲ್ಲುತ್ತೆ. ಟಿವಿ ಮಧ್ಯದಲ್ಲಿ ತಾನೇ ಚಿತ್ರ ಹುಟ್ಟಿಸೋಕೆ ಹೋಗುತ್ತೆ, ಸ್ಪೈಕ್ ಒದ್ದ ಕಾಲಿನ ಅಂಚು ಕಲಸಿಹೋಗುತ್ತೆ. ಕಂಪನಿಗೊಂದು ಹೆಸರು ಇಟ್ಟಿರ್ತಾರೆ. ‘ಮೋಷನ್’ ಅಂತ ಇರೋದನ್ನೆಲ್ಲ ಆಫ್ ಮಾಡಿ, ಪಿಕ್ಚರ್ ಮೋಡ್ ‘ಸಿನಿಮಾ’ಗೆ ಇಡಿ. ಲೈಟ್ ಆರಿಸಲೇಬೇಕು, ಶುರುವಿನ ಮಳೆ ದೃಶ್ಯ ಪೂರ್ತಿ ಬೂದು. ಬಣ್ಣ ಅಂತ ಕಣ್ಣಿಗೆ ಬೀಳೋದು ಗುಲಾಬಿ ಒಂದೇ. ಟ್ಯೂಬ್‌ಲೈಟ್ ಕೆಳಗೆ ಅದೂ ಕಾಣಲ್ಲ.

ಕಬ್ಬಿಣದ_ಬಾಣಲೆ (ಸಕಲೇಶಪುರ):

ಅಡುಗೆಗೆ ಬರೋಣ. ಅದು ಚೀನೀ ಮೂಲದ್ದು, ಜಪಾನಿನ ಮನೆಗಳಲ್ಲಿ ಚಿಂಜಾವೋ ರೋಸು. ಜಪಾನಿನವರು ಹೆಚ್ಚಾಗಿ ದನದ ಮಾಂಸ ಹಾಕ್ತಾರೆ, ಚೀನಾದಲ್ಲಿ ಹಂದಿ. ನಮ್ಮ ಕಡೆ ಹಂದಿ ಸುಲಭ. ಜೆಟ್ ಬಾಣಲೆಯಲ್ಲಿ ಎರಡೂ ಇಲ್ಲ, ಮಾಂಸಕ್ಕೆ ದುಡ್ಡಿಲ್ಲ. ಹಿಂದಿನ ಬೇಟೆಯಲ್ಲಿ ಸಿಕ್ಕ ಹತ್ತು ಲಕ್ಷ ವೂಲಾಂಗ್ (ಕಥೆಯೊಳಗಿನ ಹಣ), ಸ್ಪೈಕ್ ಒಡೆದುಹಾಕಿದ್ದರ ರಿಪೇರಿಗೆ, ಗಾಯಾಳುವಿನ ಆಸ್ಪತ್ರೆ ಬಿಲ್ಲಿಗೆ ಕರಗಿಹೋಗಿರುತ್ತೆ.

ಆರು ಜನಕ್ಕೆ: ಹಸಿರು ಕ್ಯಾಪ್ಸಿಕಂ 600 ಗ್ರಾಂ, ಮಾಂಸ ತಿನ್ನೋ ನಾಲ್ವರಿಗೆ ಕೊಬ್ಬು ಕಮ್ಮಿ ಇರೋ ಹಂದಿ 300 ಗ್ರಾಂ, ಶುಂಠಿ ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿದ್ದು ಒಂದೊಂದು ಚಮಚ. ಸಾಸ್‌ಗೆ ಲೈಟ್ ಸೋಯಾ 3 ದೊಡ್ಡ ಚಮಚ, ಆಯಿಸ್ಟರ್ ಸಾಸ್ 1, ಸಕ್ಕರೆ 1 ಟೀ ಚಮಚ, ಕಾರ್ನ್‌ಫ್ಲೋರ್ 2 ಟೀ ಚಮಚ, ನೀರು 4 ದೊಡ್ಡ ಚಮಚ. ಅಂಗಡಿಯಲ್ಲಿ ಡಾರ್ಕ್ ಸೋಯಾ ಮಾತ್ರ ಸಿಕ್ಕಿದ್ರೆ ಅರ್ಧ ಹಾಕಿ, ಇಲ್ಲಾಂದ್ರೆ ಕಪ್ಪಾಗುತ್ತೆ. ಉಪ್ಪು ಕೊನೆಯಲ್ಲಿ ರುಚಿ ನೋಡಿ ಮಾತ್ರ.

ಮಾಂಸವನ್ನ ಫ್ರೀಜರ್‌ನಲ್ಲಿ 40 ನಿಮಿಷ ಇಟ್ಟು ತೆಗೀರಿ, ಬೆರಳುದ್ದ ತೆಳ್ಳಗೆ ಸೀಳೋಕೆ ಸಲೀಸು. ಸ್ವಲ್ಪ ಸೋಯಾ, 2 ಟೀ ಚಮಚ ಕಾರ್ನ್‌ಫ್ಲೋರ್ ಸವರಿ ಕಾಲು ಗಂಟೆ ಬಿಡಿ. ಕ್ಯಾಪ್ಸಿಕಂ ತೊಟ್ಟಿನಿಂದ ತುದಿವರೆಗೆ ಉದ್ದುದ್ದ ಹೆಚ್ಚಿ, ಅಡ್ಡ ಹೆಚ್ಚಿದ್ರೆ ಬೇಗ ಮೆತ್ತಗಾಗುತ್ತೆ. ತೊಳೆದ ನೀರು ಬಟ್ಟೆಯಲ್ಲಿ ಪೂರ್ತಿ ಒರೆಸಿ.

ಇಲ್ಲೇ ಎಲ್ಲರೂ ಕೆಡಿಸೋದು: ಆರು ಜನರದ್ದೂ ಒಟ್ಟಿಗೆ ಸುರಿದುಬಿಡ್ತಾರೆ. ಬಾಣಲೆ ತಣ್ಣಗಾಗಿ ತರಕಾರಿ ನೀರು ಬಿಡುತ್ತೆ, ಹುರಿಯೋದು ಹೋಗಿ ಬೇಯುತ್ತೆ, ಕೈಗೆ ಬರೋದು ಸಾಗು. ಮೂರು ಸಲ ಮಾಡಿ. ಕಬ್ಬಿಣದ ಬಾಣಲೆ ಹೊಗೆಯಾಡಬೇಕು, ಕಡಲೆಕಾಯಿ ಎಣ್ಣೆ 1 ದೊಡ್ಡ ಚಮಚ. ಮಾಂಸ ಹರಡಿ, ಬಣ್ಣ ತಿರುಗಿ ಒಳಗೂ ಬೆಂದ ಮೇಲೆ ತೆಗೆದಿಡಿ. ಶುಂಠಿ ಬೆಳ್ಳುಳ್ಳಿ ಹತ್ತು ಸೆಕೆಂಡ್, ಕ್ಯಾಪ್ಸಿಕಂ 2 ನಿಮಿಷ, ಮಾಂಸ ವಾಪಸ್, ಆಮೇಲೆ ಸಾಸ್. ಹಿಟ್ಟು ತಳದಲ್ಲಿ ಕೂತಿರುತ್ತೆ, ಸುರಿಯೋ ಮುಂಚೆ ಕಲಕಿ. ಮುಚ್ಚಳ ಮುಚ್ಚಬೇಡಿ. ನಾನ್‌ಸ್ಟಿಕ್ ಆದ್ರೆ ಹೊಗೆ ಬರೋಷ್ಟು ಕಾಯಿಸಬೇಡಿ, ಕೋಟಿಂಗ್ ಹಾಳು.

ಹೇಮಾವತಿ_ದಂಡೆ:

ತುಂಬಾ ಥ್ಯಾಂಕ್ಸ್. ಮಾಂಸ ತಿನ್ನದ ಇಬ್ಬರಿಗೆ ಬರೀ ಕ್ಯಾಪ್ಸಿಕಂ ಕೊಟ್ರೆ ಬೈಸಿಕೊಳ್ಳಬೇಕಾಗುತ್ತೆ. ಕಳಲೆ ಹಾಕಬಹುದಾ? ಮುದ್ದೆ ಜೊತೆ ಆಗುತ್ತಾ?

ಎಲೆ_ಕಳಲೆ (ಮೂಡಿಗೆರೆ):

ಕಳಲೆ ಹೊರಗಿಂದ ತಂದ ಐಡಿಯಾ ಅಲ್ಲ, ಜಪಾನಿನವರು ಈ ಅಡುಗೆಗೆ ಬಿದಿರಿನ ಮೊಳಕೆ ಹಾಕೇ ಹಾಕ್ತಾರೆ. ಹಸಿ ಕಳಲೆ ತಂದ್ರೆ ತೆಳ್ಳಗೆ ಹೆಚ್ಚಿ ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆ 20 ನಿಮಿಷ ಕುದಿಸಿ ಆ ನೀರು ಚೆಲ್ಲಿ. ಹಸಿಯಲ್ಲಿ ಸಯನೈಡ್ ಬಿಡೋ ಅಂಶ ಇರುತ್ತೆ, ಅವಸರ ಬೇಡ. ಶನಿವಾರಕ್ಕೆ ಮೂರು ದಿನ ಇಲ್ಲಾಂದ್ರೆ ನೆನೆಸಿ ಹೆಚ್ಚಿ ಮಾರೋದನ್ನೇ ತಂದು ಕುದಿಸಿ.

ಅದೂ ಸಿಗಲಿಲ್ವಾ, ಹಾಸನದಲ್ಲಿ ಕೂತ್ಕೊಂಡು ಆಲೂಗಡ್ಡೆ ಮರೀಬೇಡಿ. ಆಲೂ ಕ್ಯಾಪ್ಸಿಕಂ ಹುರಿದು ತಿನ್ನೋದು ಚೀನಾದಲ್ಲಿ ದಿನನಿತ್ಯದ ಅಡುಗೆ. 250 ಗ್ರಾಂ ಆಲೂಗಡ್ಡೆ ಬೆಂಕಿಕಡ್ಡಿ ಗಾತ್ರಕ್ಕೆ ಹೆಚ್ಚಿ, ನೀರು ತಿಳಿಯಾಗೋವರೆಗೆ ತೊಳೀರಿ, ಒರೆಸಿ, 2 ನಿಮಿಷ ಹುರಿದು ಒಂದು ಟೀ ಚಮಚ ವಿನೆಗರ್ ಹಾಕಿ. ಪಿಷ್ಟ ಹೋಗದಿದ್ರೆ ಬಾಣಲೆಗೆ ಅಂಟುತ್ತೆ. ಕಚ್ಚಿದ್ರೆ ಕರಕರ ಅನ್ನಬೇಕು, ಪಲ್ಯದ ಹಾಗೆ ಮೆತ್ತಗೆ ಬೇಡ. ಮಾಂಸ ತಿನ್ನದವರ ಪಾಲನ್ನ ಮೊದಲು ಮಾಡಿ ತೆಗೆದಿಡಿ, ಆಯಿಸ್ಟರ್ ಸಾಸ್ ಅವರಿಗೆ ಬೇಡ, ಅದು ಚಿಪ್ಪುಮೀನಿಂದು. ಮುದ್ದೆಗೆ ರಸ ಸಾಲಲ್ಲ, ಅನ್ನನೇ ಮಾಡಿ.

ಮಲ್ನಾಡ್_ಫ್ರೇಮ್ಸ್:

ಎಪಿಸೋಡ್ 24 ನಿಮಿಷ. ಹೆಚ್ಚೋದೆಲ್ಲ ಮುಂಚೆ ಮುಗಿಸಿ, ಮುಗಿದ ಮೇಲೆ ಬಾಣಲೆ ಇಡಿ. ಕಥೆ ಹೇಳಬೇಡಿ. 2071ನೇ ಇಸವಿ, ಸ್ಪೈಕ್ ಜೆಟ್ ಇಬ್ಬರೂ ತಲೆಗೆ ಬೆಲೆ ಕಟ್ಟಿದವರನ್ನ ಹಿಡಿಯೋ ಬೇಟೆಗಾರರು, ಈ ಸಲದ ತಲೆ ಆಸಿಮೋವ್, 25 ಲಕ್ಷ ವೂಲಾಂಗ್. ಇಷ್ಟು ಸಾಕು. ಅವನು ಕಣ್ಣಿಗೆ ಸಿಂಪಡಿಸಿಕೊಳ್ಳೋ ಡ್ರಗ್ ಹೊಡೆದಾಗ ತೆರೆ ಕೆಂಪಾಗಿ ಎದುರಾಳಿಗಳು ನಿಧಾನ ಕಾಣ್ತಾರೆ, ಅದು ಅವನ ಕಣ್ಣಿನ ನೋಟ, ಟಿವಿ ಕೆಟ್ಟಿದ್ದಲ್ಲ ಅಂತ ಮಾತ್ರ ಹೇಳಿ. ಮಳೆ ದೃಶ್ಯ ಯಾಕೆ ಅಂತ ಖಂಡಿತ ಕೇಳ್ತಾರೆ. ಉತ್ತರ ಐದನೇ ಎಪಿಸೋಡ್‌ನಿಂದ ಸಿಗೋಕೆ ಶುರು, ಪೂರ್ತಿ ತಿಳಿಯೋದು 25, 26ರಲ್ಲಿ.

ಬಾರ್‌ನಲ್ಲಿ ಕೂತಿರೋ ಮೂವರು ಮುದುಕರನ್ನ ತೋರಿಸಿ. ಆಂಟೋನಿಯೋ, ಕಾರ್ಲೋಸ್, ಜೋಬಿಮ್, ಮೂರೂ ಸೇರಿದ್ರೆ ಬ್ರೆಜಿಲ್‌ನ ಸಂಗೀತಗಾರನ ಹೆಸರು. ಮುಂದೆಯೂ ಅಲ್ಲಲ್ಲಿ ಬರ್ತಾನೇ ಇರ್ತಾರೆ. ಆಸಿಮೋವ್ ಜೊತೆ ಇರೋ ಕ್ಯಾಟರೀನಾ ಹೊಟ್ಟೆ ಮೇಲೆ ಕೈ ಇಡೋ ರೀತಿ ನೀವು ಗಮನಿಸಿ, ಅವರಿಗೆ ಹೇಳಬೇಡಿ. ಮಕ್ಕಳು ಬರೋದಿದ್ರೆ ಇದು ಬೇಡ, ಗುಂಡು ರಕ್ತ ಎರಡೂ ಇದೆ. ಎಂಡಿಂಗ್ ಹಾಡು ಸ್ಕಿಪ್ ಮಾಡಬೇಡಿ. ನೆಟ್‌ಫ್ಲಿಕ್ಸ್ ಆದ್ರೆ ಮುಂದಿನ ಎಪಿಸೋಡ್ ತಾನೇ ಹಾರದ ಹಾಗೆ ಆಟೋಪ್ಲೇ ಮೊದಲೇ ಆಫ್ ಮಾಡಿಡಿ.